ಗುಣದಾಳಕ್ಕೆ ಬಂದು ಹೋದ ಸಂವಿಧಾನ

ವಿಜಯಪುರ ಜಿಲ್ಲೆಯ ಗುಣದಾಳದ ಕಡೆಯ ಒಬ್ಬ ಹಿರಿಯರು ತಮ್ಮ ಮನೆಯ ಟ್ರಂಕಿನಿಂದ ಒಂದು ಹಳೆಯ ಸ್ಟಾಂಪ್ ಕಾಗದ ತೆಗೆದು ತೋರಿಸಿದ್ದರು. ಹೊಲ ಹಂಚಿಕೊಂಡ ಕಾಗದ ಅದು. ಅಂಚು ಹರಿದಿತ್ತು. ಒಳಗಿನ ಬರಹ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿತ್ತು, ಆ ಮನೆಯಲ್ಲಿ ಈಗ ಅದನ್ನು ಓದುವವರಿಲ್ಲ. ಮೇಲಿನ ಮುದ್ರೆ ಮಾತ್ರ ಚೆನ್ನಾಗಿ ಉಳಿದಿತ್ತು. ಔಂಧ್ ಸಂಸ್ಥಾನದ ಮುದ್ರೆ.

"ನಮ್ಮಪ್ಪ ಬ್ರಿಟಿಷರ ರಾಜ್ಯಾಗ ಹುಟ್ಟಿದಾಂವ ಅಲ್ರೀ ಮಾಸ್ತರ್ರ, ಔಂಧದ ರಾಜ್ಯಾಗ ಹುಟ್ಟಿದಾಂವ" ಎಂದರು ಅವರು.

ನಾನು ಇತಿಹಾಸ ಕಲಿಸಿ ನಿವೃತ್ತನಾದವನು. ಈಗ ಆಗಾಗ ಗ್ರಾಮ ಪಂಚಾಯ್ತಿ ಸದಸ್ಯರ ತರಬೇತಿಗೆ ಪಾಠ ಹೇಳಲು ಹೋಗುತ್ತೇನೆ. ಆ ಕಾಗದದ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಹೋದ ವರ್ಷ ವಿಜಯಪುರದಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ಅದನ್ನು ಎಲ್ಲರ ಕೈಗೂ ಕೊಟ್ಟು ಮಾತು ಶುರು ಮಾಡಿದೆ. ಯಾಕೆಂದರೆ ಆ ಮುದ್ರೆಯ ಹಿಂದೆ ನಮ್ಮ ಜಿಲ್ಲೆಯವರು ಮರೆತೇಬಿಟ್ಟ ಒಂದು ಪ್ರಕರಣ ಇದೆ. ಸ್ವತಂತ್ರ ಭಾರತಕ್ಕೆ ಸಂವಿಧಾನ ಬರುವ 11 ವರ್ಷ ಮೊದಲೇ ಬಬಲೇಶ್ವರ ಸೀಮೆಯ ಒಂದು ತುಣುಕು ನೆಲ, ಹಳ್ಳಿಯನ್ನೇ ಬುನಾದಿ ಮಾಡಿಕೊಂಡ ಒಂದು ಬರೆದ ಸಂವಿಧಾನದ ಕೆಳಗೆ ಇತ್ತು. ಅಲ್ಲಿ ರಾಜನೇ ತನ್ನ ಅಧಿಕಾರ ಬಿಟ್ಟುಕೊಟ್ಟಿದ್ದ. ಒಂಬತ್ತು ವರ್ಷ ಅದು ನಡೆಯಿತು. ಆಮೇಲೆ ಇಲ್ಲವಾಯಿತು.

ಮೊದಲು ನೆಲದ ವಿಷಯ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗದ ನಕ್ಷೆ ತೇಪೆ ಹಾಕಿದ ಕೌದಿಯ ಹಾಗಿತ್ತು. ಮುಂಬಯಿ ಪ್ರಾಂತ್ಯದ ಬೆಳಗಾವಿ, ಬಿಜಾಪುರ ಜಿಲ್ಲೆಗಳ ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗ್ಲಿ ಸಂಸ್ಥಾನಗಳ ಊರುಗಳು. ಒಂದು ಹಳ್ಳ ದಾಟಿದರೆ ರಾಜ ಬದಲಾಗುತ್ತಿದ್ದ. ಔಂಧ್ ಕೂಡ ಇಂಥದೇ ಒಂದು ಸಣ್ಣ ಸಂಸ್ಥಾನ. ಅದರ ರಾಜಧಾನಿ ಇರುವುದು ಸಾತಾರಾ ಜಿಲ್ಲೆಯಲ್ಲಿ. ಒಟ್ಟು 501 ಚದರ ಮೈಲಿ, 72 ಹಳ್ಳಿ, ಸುಮಾರು 75,000 ಜನ. ಅದೂ ಒಂದೇ ಕಡೆ ಇದ್ದ ನೆಲವಲ್ಲ. ಔಂಧ್, ಆಟಪಾಡಿ, ಕುಂಡಲ್, ಗುಣದಾಳ ಎಂಬ ನಾಲ್ಕು ತಾಲ್ಲೂಕು, ಬೇರೆ ಬೇರೆ ಕಡೆ ಚೆಲ್ಲಿಕೊಂಡಿದ್ದವು. ಮೊದಲ ಮೂರು ಮರಾಠಿ ಸೀಮೆ. ಗುಣದಾಳ ಒಂದೇ ಕನ್ನಡದ್ದು. ರಾಜಧಾನಿಯಿಂದ ಅದು 150 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿಯ ಒಬ್ಬ ರೈತನಿಗೆ ರಾಜನನ್ನು ಕಂಡು ಒಂದು ಮಾತು ಹೇಳಬೇಕೆಂದರೆ ಬೇರೆಯವರ ರಾಜ್ಯಗಳನ್ನು ದಾಟಿ ಹೋಗಬೇಕಿತ್ತು.

ಈಗ 1938ಕ್ಕೆ ಬರೋಣ. ಆ ವರ್ಷ ಸಂಸ್ಥಾನಗಳಲ್ಲೆಲ್ಲ ಒಂದೇ ಕೂಗು: ಜವಾಬ್ದಾರಿ ಸರ್ಕಾರ ಬೇಕು. ಅಂದರೆ ದಿವಾನರು, ಮಂತ್ರಿಗಳು ರಾಜನಿಗಲ್ಲ, ಜನ ಆರಿಸಿದ ಸಭೆಗೆ ಉತ್ತರ ಹೇಳಬೇಕು. ಬರೆದ ಸಂವಿಧಾನ ಬೇಕು ಎಂದು ಜನ ಬೀದಿಗಿಳಿದ ಕಾಲ ಅದು. ಫೆಬ್ರುವರಿಯಲ್ಲಿ ಹರಿಪುರಾದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿ, ಸಂಸ್ಥಾನಗಳ ಹೋರಾಟವನ್ನು ಆಯಾ ಸಂಸ್ಥಾನದ ಜನರೇ ಕಟ್ಟಬೇಕು ಎಂದಿತು. ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು.

ನಮ್ಮ ಕಡೆ ಇದರ ಕಹಿ ರೂಪ ಕಂಡದ್ದು ರಾಮದುರ್ಗದಲ್ಲಿ. ತೆರಿಗೆ ಇಳಿಸಿ, ಹಕ್ಕು ಕೊಡಿ ಎಂದು ಪ್ರಜಾ ಸಂಘ ಕೇಳುತ್ತಿತ್ತು. ಮಾತುಕತೆ ಆಗುತ್ತಿತ್ತು, ಮುರಿಯುತ್ತಿತ್ತು. 1939ರ ಏಪ್ರಿಲ್‌ನಲ್ಲಿ ಸಿಟ್ಟಿಗೆದ್ದ ಜನ ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು. ಮುಂದೆ ಜನರಿಗೆ ಗಲ್ಲು ಶಿಕ್ಷೆಯೂ ಆಯಿತು. ರಾಮದುರ್ಗದಲ್ಲಿ ಹೀಗಾಗುವ ಮೂರು ತಿಂಗಳ ಹಿಂದೆಯಷ್ಟೇ ಔಂಧ್‌ನಲ್ಲಿ ರಾಜ ತಾನಾಗಿ ಸಹಿ ಹಾಕಿ ಅಧಿಕಾರ ಕೊಟ್ಟಿದ್ದ. ಎರಡೂ ಸಣ್ಣ ಸಂಸ್ಥಾನ. ಎರಡರ ಮೇಲೂ ಅದೇ ಬ್ರಿಟಿಷ್ ಸರ್ಕಾರ ಕೂತಿತ್ತು. ಈ ಎರಡು ದಾರಿಗಳನ್ನು ಜೊತೆಗಿಟ್ಟು ನೋಡದೆ ಔಂಧ್‌ನ ಬೆಲೆ ತಿಳಿಯುವುದಿಲ್ಲ.

ಔಂಧ್‌ನ ಈ ಕೆಲಸದ ಹಿಂದೆ ಮೂವರಿದ್ದರು. ಮೊದಲನೆಯವರು ರಾಜ, ಹೆಸರು ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿ. ಆಗ ಅವರಿಗೆ 70 ವರ್ಷ. ದಿನಾ ಸೂರ್ಯ ನಮಸ್ಕಾರ ಹಾಕುವ, ಅದನ್ನು ಶಾಲೆ ಶಾಲೆಗೆ ಹಬ್ಬಿಸಿದ ಮನುಷ್ಯ. ಚಿತ್ರ ಬರೆಯುತ್ತಿದ್ದರು. ಹೊರಗಿನಿಂದ ಬಂದವರಿಗೆ ಜಾಗ ಕೊಡುವ ಗುಣ ಅವರಿಗೆ ಮೊದಲಿನಿಂದಲೂ ಇತ್ತು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಲು ಹೊರಟವರು. ಅಲ್ಲಿಯ ಜಾಗ ಬಿಡಬೇಕಾಗಿ ಬಂದಾಗ, 1910ರಲ್ಲಿ ಕುಂಡಲ್ ಹತ್ತಿರ ನೆಲ ಕೊಟ್ಟವರು ಇದೇ ಔಂಧ್ ರಾಜರು. ಕಿರ್ಲೋಸ್ಕರವಾಡಿ ಎದ್ದದ್ದು ಹಾಗೆ. ನಮ್ಮಲ್ಲಿ ನಿಲ್ಲಲಾಗದ ಒಂದು ಕಾರ್ಖಾನೆ ಔಂಧ್‌ನಲ್ಲಿ ಊರಾಯಿತು ಎನ್ನುವುದು ಈಗಲೂ ನನ್ನ ಮನಸ್ಸಿಗೆ ನಾಟುತ್ತದೆ.

ಎರಡನೆಯವರು ಅವರ ಮಗ ಅಪ್ಪಾಸಾಹೇಬ ಪಂತ. ಆಕ್ಸ್‌ಫರ್ಡ್‌ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದ್ದರು. ಮೂರನೆಯವರ ಕತೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಮೌರಿಸ್ ಫ್ರೀಡ್‌ಮನ್ ಎಂಬ ಯಹೂದಿ ಎಂಜಿನಿಯರ್, ಪೋಲೆಂಡಿನ ವಾರ್ಸಾದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆ ನಡೆಸುತ್ತಿದ್ದರು. ಕಾರ್ಖಾನೆ ನಡೆಸುತ್ತಲೇ ರಮಣ ಮಹರ್ಷಿಗಳ ಕಡೆ, ಗಾಂಧೀಜಿಯ ಕಡೆ ವಾಲಿದರು. ಕಾವಿ ಉಟ್ಟು ಭಾರತಾನಂದ ಆದರು. ಚರಕದ ವಿನ್ಯಾಸವನ್ನೂ ಮಾಡಿದರು. ಬೆಂಗಳೂರಿನ ಈ ಎಂಜಿನಿಯರ್ ಔಂಧ್‌ಗೆ ಹೋಗಿ ಅಪ್ಪಾ ಪಂತರ ಜೊತೆ ಹಳ್ಳಿ ಹಳ್ಳಿ ತಿರುಗಿದರು.

1938ರ ಕೊನೆಯಲ್ಲಿ ರಾಜರು ಅಧಿಕಾರವನ್ನು ಜನರಿಗೆ ಒಪ್ಪಿಸುತ್ತೇನೆ ಎಂದು ಸಾರಿದರು. ಹೇಳುವುದು ಸುಲಭ. ಬರೆಯುವುದು ಕಷ್ಟ. ಕರಡು ಹಿಡಿದು ಗಾಂಧೀಜಿಯ ಹತ್ತಿರ ಹೋದರು. ಗಾಂಧೀಜಿ ಕೂತು ಅದನ್ನು ನೋಡಿದರು, ತಿದ್ದಿಸಿದರು, 'ಹರಿಜನ' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಸ್ವರಾಜ್ಯ ಕೆಳಗಿನಿಂದ ಕಟ್ಟಬೇಕು ಎಂದು ಅವರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅದನ್ನು ನಿಜವಾದ ಜನರ ಮೇಲೆ, ನಿಜವಾದ ಕಂದಾಯದ ದುಡ್ಡಿನ ಮೇಲೆ ಮಾಡಿ ನೋಡಲು ಒಂದು ರಾಜ್ಯವೇ ಸಿಕ್ಕಿತು. 1939ರ ಜನವರಿ 21ರಂದು ಅದು ಕಾಯ್ದೆಯಾಯಿತು.

ಅದರೊಳಗೆ ಏನಿತ್ತು? ಮಾತಿನ ಹಕ್ಕು, ಸಭೆ ಸೇರುವ ಹಕ್ಕು, ಪೂಜೆಯ ಹಕ್ಕು, ಕಾನೂನಿನ ಮುಂದೆ ಎಲ್ಲರೂ ಒಂದೇ ಎನ್ನುವುದು. ಇವು ಆ ಕಾಲದ ಬೇರೆ ಕರಡುಗಳಲ್ಲೂ ಸಿಗುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಕ್ಕುಗಳ ಪಟ್ಟಿಯಲ್ಲ, ಕಟ್ಟಡದ ಕ್ರಮ.

ಪ್ರತಿ ಹಳ್ಳಿ ಐದು ಜನರ ಪಂಚಾಯ್ತಿಯನ್ನು ಆರಿಸಬೇಕು. ಒಂದು ತಾಲ್ಲೂಕಿನ ಎಲ್ಲ ಪಂಚಾಯ್ತಿಗಳ ಅಧ್ಯಕ್ಷರು ಸೇರಿದರೆ ಅದೇ ತಾಲ್ಲೂಕು ಸಭೆ. ತಾಲ್ಲೂಕು ಸಭೆಗಳು ಕಳಿಸಿದ ಪ್ರತಿನಿಧಿಗಳು ಸೇರಿದರೆ ಅದೇ ರಾಜ್ಯದ ಶಾಸನ ಸಭೆ. ಮಂತ್ರಿಗಳು ಆ ಸಭೆಗೆ ಉತ್ತರ ಹೇಳಬೇಕು. ಅಂದರೆ ಹಳ್ಳಿಯ ಪಂಚಾಯ್ತಿ ಇಲ್ಲದಿದ್ದರೆ ತಾಲ್ಲೂಕು ಸಭೆ ಇಲ್ಲ. ಅದಿಲ್ಲದಿದ್ದರೆ ರಾಜ್ಯದ ಸಭೆಯೇ ಇಲ್ಲ. ಮೇಲಿನವರು ಕೆಳಗಿನ ಚುನಾವಣೆಯನ್ನು ಮುಂದಕ್ಕೆ ಹಾಕಿ ಸುಮ್ನೆ ಕೂರುವ ಹಾಗೇ ಇಲ್ಲ. ಹಾಕಿದರೆ ಅವರ ಕುರ್ಚಿಯೇ ಇರುವುದಿಲ್ಲ.

ಇನ್ನೊಂದು ದುಡ್ಡಿನ ಮಾತು. ಕಂದಾಯದಲ್ಲಿ ದೊಡ್ಡ ಪಾಲು ಆಯಾ ಭಾಗದಲ್ಲೇ ಉಳಿದು, ಅಲ್ಲಿಯವರ ತೀರ್ಮಾನದಂತೆ ಶಾಲೆಗೆ, ಬಾವಿಗೆ, ರಸ್ತೆಗೆ ಖರ್ಚಾಗಬೇಕಿತ್ತು. ರಾಜನ ಸ್ವಂತ ಖರ್ಚಿಗೆ ಮಿತಿ ಬಿತ್ತು. ಯಾವ ಹೊಸ ಸಂವಿಧಾನದ ಕರಡು ಸಿಕ್ಕರೂ ನಾನು ಮೊದಲು ದುಡ್ಡಿನ ಪುಟ ತೆರೆದು ನೋಡುತ್ತೇನೆ. ಅಧಿಕಾರ ಯಾರಿಗೆ ಕೊಟ್ಟಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಮೂರನೆಯದು ನ್ಯಾಯ. ಹಳ್ಳಿಯ ಪಂಚಾಯ್ತಿಯೇ ಕೋರ್ಟೂ ಆಯಿತು. ಬದುವಿನ ಜಗಳ, ಸಾಲದ ತಕರಾರು, ಹೊಡೆದಾಟ ಇಂಥವು ಊರಲ್ಲೇ ಮುಗಿಯಬೇಕು. ನ್ಯಾಯ ಬೇಗ ಸಿಗಬೇಕು, ಅಗ್ಗವಾಗಿ ಸಿಗಬೇಕು ಎನ್ನುವುದು ಈ ಭಾಗದ ಜೀವ. ವಕೀಲರ ಫೀ, ತಾರೀಖಿನ ಮೇಲೆ ತಾರೀಖು, ಪೇಟೆಯ ಖಾನಾವಳಿಯ ಊಟ, ಇವುಗಳಿಗಾಗಿ ಎತ್ತು ಮಾರಿದ ಮನೆಗಳು ನಮ್ಮ ಭಾಗದ ಪ್ರತಿ ಊರಲ್ಲೂ ಇವೆ. ಬದುವಿನ ಜಾಗ ಕಂಡವರು ಬದುವಿನ ಜಗಳ ಬಗೆಹರಿಸಲಿ ಎನ್ನುವುದು ಸಣ್ಣ ಮಾತಲ್ಲ.

ಗುಣದಾಳದ ಕಡೆಯಿಂದ ನೋಡಿದರೆ ಈ ಮೂರಕ್ಕೂ ಇನ್ನೊಂದು ಅರ್ಥ ಬರುತ್ತದೆ. ಸಂಸ್ಥಾನದ ದಫ್ತರ ಮರಾಠಿಯದು. ಊರಿನ ಮಾತು ಕನ್ನಡ. ಅರ್ಜಿ ಬರೆಸಲು ಇನ್ನೊಬ್ಬರ ಮುಂದೆ ಕೂರಬೇಕು, ಓದಿಸಲು ಮತ್ತೊಬ್ಬರ ಮುಂದೆ ಕೂರಬೇಕು. ತೀರ್ಮಾನ ಹಳ್ಳಿಗೇ ಬಂದಾಗ ಭಾಷೆಯೂ ತಾನಾಗಿ ಹಳ್ಳಿಯದಾಗುತ್ತದೆ. ಐದು ಜನ ಕನ್ನಡದವರು ಕೂತು ಕನ್ನಡದಲ್ಲಿ ಮಾತಾಡಿ ಮುಗಿಸುವ ಕೆಲಸಕ್ಕೆ ದುಭಾಷಿ ಬೇಕಿಲ್ಲ. ಭಾಷೆಯ ಜಗಳ ಹತ್ತುವುದು ಅಧಿಕಾರ ದೂರ ಇದ್ದಾಗ. ಗಡಿಯ ಎರಡೂ ಕಡೆ ಓಡಾಡಿ ನನಗೆ ಅನ್ನಿಸಿರುವುದು ಇದು.

ಜೈಲಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆಟಪಾಡಿ ಹತ್ತಿರ ಸ್ವತಂತ್ರಪುರ ಎಂಬ ಊರನ್ನೇ ಮಾಡಿ, ದೊಡ್ಡ ಅಪರಾಧದ ಕೈದಿಗಳನ್ನು ಗೋಡೆ, ಬೀಗ ಇಲ್ಲದೆ ಹೊಲದಲ್ಲಿ ದುಡಿಯಲು ಬಿಟ್ಟರು. ಹೆಂಡತಿ ಮಕ್ಕಳೂ ಜೊತೆಗೆ ಇರಬಹುದಿತ್ತು. ಇದರ ಹಿಂದೆ ಫ್ರೀಡ್‌ಮನ್ ಇದ್ದರು. 1957ರಲ್ಲಿ ವಿ. ಶಾಂತಾರಾಂ ಮಾಡಿದ ಹಿಂದಿ ಸಿನಿಮಾಕ್ಕೆ ಪ್ರೇರಣೆ ಇಲ್ಲಿಂದಲೇ ಬಂತು. ಜನರನ್ನು ನಂಬಿ ಸಂವಿಧಾನ ಬರೆದವರು ಕೈದಿಯನ್ನೂ ನಂಬಿದರು. ನಂಬಿಕೆ ಅವರಿಗೆ ಬರೀ ಪೀಠಿಕೆಯ ಮಾತಾಗಿರಲಿಲ್ಲ.

ಕಷ್ಟಗಳೂ ಇದ್ದವು. ಸಹಿ ಬಿದ್ದ ಎಂಟು ತಿಂಗಳಿಗೆ ಎರಡನೆಯ ಮಹಾಯುದ್ಧ ಬಂತು. ಔಂಧ್ ಎಷ್ಟೇ ಸ್ವರಾಜ್ಯ ಎಂದರೂ ಮೇಲೆ ಬ್ರಿಟಿಷರು ಇದ್ದರು, ಕೊಲ್ಹಾಪುರದಲ್ಲಿ ಸಂಸ್ಥಾನಗಳ ಮೇಲೆ ಕಣ್ಣಿಡುವ ಅವರ ರೆಸಿಡೆಂಟ್ ಎಂಬ ಅಧಿಕಾರಿ ಇದ್ದರು. 1942ರ ಚಳವಳಿಯ ನಂತರ ಸಾತಾರಾದಲ್ಲಿ ನಾನಾ ಪಾಟೀಲರ ಪ್ರತಿ ಸರ್ಕಾರ ಎದ್ದಿತು. ಬ್ರಿಟಿಷರ ಆಡಳಿತ ಬೇಡ ಎಂದು ಹಳ್ಳಿಗಳಲ್ಲಿ ತಮ್ಮದೇ ನ್ಯಾಯ ಮಂಡಳಿ ಕಟ್ಟಿದರು. ಔಂಧ್‌ನ ಕುಂಡಲ್ ಆ ಚಳವಳಿಯ ದೊಡ್ಡ ನೆಲೆ. ಅದು ಬರೀ ಗುಡ್ಡಗಾಡಿನ ಅನುಕೂಲದಿಂದ ಆದದ್ದು ಎಂದು ನಾನು ನಂಬುವುದಿಲ್ಲ. ಊರಿನ ಕೆಲಸ ಊರೇ ನೋಡಿಕೊಳ್ಳಬಹುದು ಎಂದು ಮೂರು ವರ್ಷ ಮಾಡಿ ನೋಡಿದ ಜನ ಅವರು.

ಇನ್ನು ಕೊನೆಯ ಭಾಗ. ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಭಾರತದಲ್ಲಿ ಸೇರಬೇಕಿತ್ತು, ಸೇರಿದವು. 1948ರ ಮಾರ್ಚ್ 8ರಂದು ದಖ್ಖನ್ನಿನ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದೊಳಗೆ ವಿಲೀನವಾದವು. ಗುಣದಾಳ ಬಿಜಾಪುರ ಜಿಲ್ಲೆಗೆ ಬಂತು. 1956ರ ನವೆಂಬರ್ 1ಕ್ಕೆ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಒಂದೇ ಸಂವಿಧಾನದ ನಾಲ್ಕು ತಾಲ್ಲೂಕು ಇಂದು ಎರಡು ರಾಜ್ಯ, ಮೂರು ಜಿಲ್ಲೆಗಳಲ್ಲಿವೆ.

ವಿಲೀನ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ದೇಶವೇ ಆಗುತ್ತಿರಲಿಲ್ಲ. ಆದರೆ ಬೇರೆ ಸಂಸ್ಥಾನಗಳು ತಮ್ಮ ರಾಜನನ್ನಷ್ಟೇ ಕಳೆದುಕೊಂಡ ದಿನ, ಔಂಧ್‌ನ ಹಳ್ಳಿ ತನ್ನ ಅಧಿಕಾರವನ್ನೇ ಕಳೆದುಕೊಂಡಿತು. ಕಂದಾಯ ಮತ್ತೆ ಮೇಲಕ್ಕೆ ಹೋಯಿತು. ಬದುವಿನ ಜಗಳ ಮತ್ತೆ ಪೇಟೆಯ ಕೋರ್ಟಿಗೆ ಹೋಯಿತು. ರಾಜನ ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಯಿತು. ಔಂಧ್ ಪ್ರಕರಣದ ದೊಡ್ಡ ದೌರ್ಬಲ್ಯ ನನಗೆ ಕಾಣುವುದು ಇಲ್ಲಿ. ರಾಮದುರ್ಗದವರು ಕೇಳಿದರು, ಅವರಿಗೆ ಸಿಗಲಿಲ್ಲ. ಔಂಧ್‌ನವರಿಗೆ ಬೇಗ ಸಿಕ್ಕಿತು, ಉಳಿಸಿಕೊಳ್ಳಲು ಬೇಕಾದ ಸಂಘಟನೆ ಬೆಳೆಯಲು ಒಂಬತ್ತು ವರ್ಷ ಸಾಲಲಿಲ್ಲ.

ಅದೇ 1948ರಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಇದೇ ಪ್ರಶ್ನೆ ಬಂತು. ನವೆಂಬರ್ 4ರಂದು ಕರಡು ಮಂಡಿಸುತ್ತಾ ಡಾ. ಅಂಬೇಡ್ಕರ್ ಹಳ್ಳಿಯ ಬಗ್ಗೆ ಕಠಿಣವಾಗಿ ಮಾತಾಡಿದರು. ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಮನಸ್ಸಿನ ಗವಿ, ಅದನ್ನು ಬಿಟ್ಟು ವ್ಯಕ್ತಿಯನ್ನು ಘಟಕ ಮಾಡಿಕೊಂಡದ್ದಕ್ಕೆ ತಮಗೆ ಸಂತೋಷ ಎಂಬ ಅರ್ಥದ ಮಾತು. ಹಳ್ಳಿ ಪರವಾಗಿ ಮಾತಾಡಿದ ಸದಸ್ಯರಿಗೆ ಇದು ನೋವು ಮಾಡಿತು. ನವೆಂಬರ್ 22ರಂದು ಕೆ. ಸಂತಾನಂ ಒಂದು ತಿದ್ದುಪಡಿ ತಂದರು, ಅದೇ ಇಂದಿನ 40ನೇ ವಿಧಿ. ರಾಜ್ಯ ಗ್ರಾಮ ಪಂಚಾಯ್ತಿಗಳನ್ನು ಕಟ್ಟಬೇಕು ಎಂದು ಅದು ಹೇಳುತ್ತದೆ. ಆದರೆ ಅದು ಕೂತದ್ದು ನಿರ್ದೇಶಕ ತತ್ವಗಳಲ್ಲಿ. ಕೋರ್ಟಿಗೆ ಹೋಗಿ ಕೊಡಿಸಿ ಎಂದು ಕೇಳುವಂತಿಲ್ಲ. ಹಳ್ಳಿಯ ಅಧಿಕಾರ ಆಶಯವಾಗಿ ಉಳಿಯಿತು, ಬುನಾದಿಯಾಗಲಿಲ್ಲ.

ಮುಂದೆ 40 ವರ್ಷಕ್ಕೂ ಜಾಸ್ತಿ ಹೀಗೇ ಹೋಯಿತು. ನಡುವೆ ಕರ್ನಾಟಕ ಒಂದು ದೊಡ್ಡ ಕೆಲಸ ಮಾಡಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ತಂದರು. ಹಳ್ಳಿಗಳಿಗೆ ಬೋರ್‌ವೆಲ್ ಕೊಟ್ಟು ನೀರ್ ಸಾಬ್ ಎನಿಸಿಕೊಂಡವರು ಅವರೇ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಇಡೀ ದೇಶಕ್ಕೆ 73ನೇ ತಿದ್ದುಪಡಿ ಬಂದು ಜಾರಿಯಾದದ್ದು 1993ರ ಏಪ್ರಿಲ್ 24ರಂದು. ಪರಿಶಿಷ್ಟರಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸ್ಥಾನ, ಹೆಂಗಸರಿಗೆ ಕನಿಷ್ಠ ಮೂರನೇ ಒಂದು. ಈಗ ಕರ್ನಾಟಕದಲ್ಲಿ ಅರ್ಧ. ಅಂಬೇಡ್ಕರ್ ಅವರ ಭಯಕ್ಕೆ ಕಾಯ್ದೆ ಕೊಟ್ಟ ಉತ್ತರ ಇದು.

ಆದರೆ ಅಧಿಕಾರದ ಪುಟ ತೆರೆದು ನೋಡಿ. 243ಜಿ ವಿಧಿ. ರಾಜ್ಯದ ಶಾಸಕಾಂಗ ಪಂಚಾಯ್ತಿಗಳಿಗೆ ಅಧಿಕಾರವನ್ನು ಕೊಡಬಹುದು ಎಂದಿದೆ. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ ಪಟ್ಟಿ ಮಾಡಿದೆ. ಅವುಗಳನ್ನೂ ವಹಿಸಬಹುದು.

ತರಬೇತಿಯ ಕೋಣೆಯಲ್ಲಿ ಈ ಸಾಲು ಓದಿ ನಾನು ಸುಮ್ಮನೆ ನಿಂತೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಸದಸ್ಯೆ ಕೈ ಎತ್ತಿದರು. ಮೊದಲ ಸಲ ಗೆದ್ದು ಬಂದವರು, ದಲಿತ ಕೇರಿಯಿಂದ ಬಂದವರು.

"ಸರ, ಬಹುದು ಅಂದ್ರ ಕೊಟ್ಟರೂ ಕೊಟ್ಟರು, ಬಿಟ್ಟರೂ ಬಿಟ್ಟರು ಅಂತಲ್ರೀ?"

"ಹೌದ್ರೀ ಅಕ್ಕಾರ."

"ಹಂಗಾರ ಔಂಧದ್ದು?"

ಅಲ್ಲಿ ಕೊಡುವವರು ಮೇಲೆ, ತಗೊಳ್ಳುವವರು ಕೆಳಗೆ ಎನ್ನುವ ಲೆಕ್ಕವೇ ಇರಲಿಲ್ಲ, ಕೆಳಗಿನವರು ಸೇರಿದರೇ ಮೇಲಿನವರು ಎಂದೆ. ಕೋಣೆಯಲ್ಲಿ ಗುಸುಗುಸು ಎದ್ದಿತು. ಒಬ್ಬರು ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆಯ ಮಾತು ತೆಗೆದರು. ಅವರು ತೆಗೆದದ್ದು ಸರಿಯೇ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕು ಎಂದು 243ಇ ವಿಧಿ ಹೇಳುತ್ತದೆ. ಅಲ್ಲಿ 'ಬಹುದು' ಇಲ್ಲ, 'ತಕ್ಕದ್ದು' ಇದೆ. ಆದರೂ 2021ರಲ್ಲಿ ನಮ್ಮ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣಗಳು ಬರುತ್ತಲೇ ಇದ್ದವು. ಅಷ್ಟು ದಿನವೂ ವಿಧಾನಸಭೆ ಬೆಂಗಳೂರಲ್ಲಿ, ಬೆಳಗಾವಿಯ ಸುವರ್ಣ ಸೌಧದಲ್ಲಿ ಸೇರುತ್ತಲೇ ಇತ್ತು. ಕೆಳಗಿನ ಎರಡು ಅಂತಸ್ತು ಖಾಲಿ ಇದ್ದರೂ ಮೇಲಿನ ಅಂತಸ್ತಿಗೆ ಏನೂ ತೊಂದರೆ ಆಗಲಿಲ್ಲ. ಔಂಧ್‌ನ ಕಟ್ಟಡದಲ್ಲಿ ಇದು ಆಗುವಂತಿರಲಿಲ್ಲ.

ಎಲ್ಲರೂ ಔಂಧ್ ಅನ್ನು ಹೊಗಳಲಿಲ್ಲ. ಇಂಡಿ ಕಡೆಯ ಒಬ್ಬ ಅನುಭವಿ ಸದಸ್ಯರು ಎದ್ದು ನಿಂತರು. "ಸರ, ಹದಿನೈದು ಮಂದಿ ಕೂಡಿ ಒಬ್ಬನ್ನ ಆರಸೂದಂದ್ರ ಏನಂತ ನಮಗ ಗೊತ್ತೈತ್ರೀ. ಅಧ್ಯಕ್ಷರ ಇಲೆಕ್ಷನ್ ಬಂತಂದ್ರ ಮೆಂಬರ್ಸ್‌ನ ಗಾಡ್ಯಾಗ ಹಾಕ್ಕೊಂಡು ಟೂರ್ ಹೋಗ್ತಾರ. ಔಂಧದಾಂಗ ಮ್ಯಾಲಿನ ಸಭಾನೂ ನಾವಽ ಆರಿಸಿದ್ರ ಟೂರ್ ಇನ್ನೂ ದೊಡ್ಡದಾಗತೈತಿ."

ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಜನ ನೇರವಾಗಿ ಶಾಸಕರನ್ನು ಆರಿಸುವ ಹಕ್ಕನ್ನು ಬಿಟ್ಟುಕೊಡಬೇಕು ಎಂದು ನಾನು ಹೇಳಲಾರೆ. ಔಂಧ್‌ನಿಂದ ತೆಗೆದುಕೊಳ್ಳಬೇಕಾದ್ದು ಆರಿಸುವ ವಿಧಾನವನ್ನಲ್ಲ, ಅವಲಂಬನೆಯನ್ನು. ಪಂಚಾಯ್ತಿ ಚುನಾವಣೆ ತಪ್ಪಿದರೆ ಮೇಲಿನವರಿಗೂ ಏನಾದರೂ ನಿಲ್ಲಬೇಕು. ಅವರ ಅನುದಾನ ನಿಲ್ಲಲಿ, ಅಧಿವೇಶನ ನಿಲ್ಲಲಿ. ಅಂಥ ಒಂದು ಸಾಲು ಸಂವಿಧಾನದಲ್ಲಿ ಬರಬೇಕು ಎಂದು ಜನ ಕೇಳಬೇಕು. ಇದಕ್ಕಾಗಿ ಚಳವಳಿ ಆಗಬೇಕು, ಸಹಿ ಸಂಗ್ರಹ ಆಗಬೇಕು, ಶಾಸಕರ ಮನೆಯ ಮುಂದೆ ಕೂರಬೇಕು. ನಾನು ಇದನ್ನು ಮನಸಾರೆ ಹೇಳುತ್ತೇನೆ. 1938ರಲ್ಲಿ ಜವಾಬ್ದಾರಿ ಸರ್ಕಾರ ಬೇಕು ಎಂದವರಿಗೂ ಅದು ಆಗುವ ಮಾತಲ್ಲ ಎಂದೇ ಹೇಳಿದ್ದರು, ಅಲ್ವಾ?

ದುಡ್ಡಿನ ಮಾತು ಬಂದಾಗ ಕೋಣೆ ಬಿಸಿಯಾಯಿತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಎಂದು ಕಟ್ಟಿ ಬರುತ್ತಿತ್ತು. ನೀರು ಬೇಕು, ಯಾರೂ ಬೇಡ ಎನ್ನುವುದಿಲ್ಲ. ಆದರೆ ನಮ್ಮೂರಿಗೆ ಈ ವರ್ಷ ಏನು ಮೊದಲು ಎಂದು ನಾವು ಹೇಳುವ ಹಾಗಿಲ್ಲವೇ ಎಂದು ಬಸವನ ಬಾಗೇವಾಡಿ ಕಡೆಯವರು ಕೇಳಿದರು.

ಎರಡನೇ ದಿನ ಮಧ್ಯಾಹ್ನ ಊಟ ಆದ ಮೇಲೆ ಒಂದು ಕೆಲಸ ಕೊಟ್ಟೆ. ಗುಂಪು ಮಾಡಿಕೊಂಡು ನಿಮ್ಮ ಊರಿಗೆ ಒಂದು ಪುಟದ ಸಂವಿಧಾನ ಬರೆಯಿರಿ. ಯಾರು ತೀರ್ಮಾನ ಮಾಡಬೇಕು, ರೊಕ್ಕ ಯಾರ ಕೈಯಲ್ಲಿ, ತಪ್ಪಿದರೆ ಕೇಳುವವರು ಯಾರು. ಇಷ್ಟೇ. ಹೆಚ್ಚಿನ ಗುಂಪುಗಳು ಗಟಾರ, ಸಿಸಿ ರಸ್ತೆ, ಬೀದಿ ದೀಪ ಎಂದು ಕಾಮಗಾರಿಯ ಪಟ್ಟಿ ಬರೆದವು. ಅದರಲ್ಲಿ ಅವರ ತಪ್ಪಿಲ್ಲ. ಇಷ್ಟು ವರ್ಷ ಪಂಚಾಯ್ತಿಯಿಂದ ನಾವು ಕೇಳಿದ್ದೇ ಕಾಮಗಾರಿಯ ಪಟ್ಟಿ.

ಆ ಸದಸ್ಯೆ ಇದ್ದ ಹೆಂಗಸರ ಗುಂಪು ಮಾತ್ರ ಬರೀ ನಾಲ್ಕು ಸಾಲು ಬರೆದಿತ್ತು. ವಾರ್ಡ್ ಸಭೆ ಮುಂಜಾನೆ ಇಡಬಾರದು, ಕಳೆ ತೆಗೆಯಲು ಹೋದವರು ಬರಲಾಗುವುದಿಲ್ಲ. ಸಂಜೆ ಏಳಕ್ಕೆ ಇಡಬೇಕು. ಲೆಕ್ಕ ಓದಿ ಹೇಳದೆ ಹೊಸ ಕೆಲಸ ಹಿಡಿಯಬಾರದು. ನಾಲ್ಕನೆಯ ಸಾಲು: ಸಭೆ ಗುಡಿಯ ಕಟ್ಟೆಯ ಮೇಲೆ ಬೇಡ, ಶಾಲೆಯಲ್ಲಿ ಇರಲಿ.

ನಾನು ಹಿಂದಿನ ದಿನ ಪಾಠ ಮಾಡುವಾಗ, ಊರ ಕಟ್ಟೆಯ ಮೇಲೆ ಕೂತು ಊರಿನ ನ್ಯಾಯ ಬಗೆಹರಿಸುವ ಚಿತ್ರವನ್ನು ಬಹಳ ಪ್ರೀತಿಯಿಂದ ಹೇಳಿದ್ದೆ. ಯಾಕ್ರೀ ಅಕ್ಕಾರ ಶಾಲಿ ಎಂದು ಕೇಳಿದೆ.

"ಸರ, ಆ ಕಟ್ಟಿ ಮ್ಯಾಲ ನೀವು ಕೂಡ್ತೀರಿ. ನಾವು ಕೆಳಗ ನಿಂದರ್ತೀವಿ. ಶಾಲ್ಯಾಗಾದ್ರ ನನ್ನ ಮಗಳು ಕೂಡು ಬೆಂಚ ಐತಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನವೆಂಬರ್ 4ರ ಭಾಷಣದ ಅರ್ಥವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೆ. ಅದು ನನಗೆ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಹಳ್ಳಿಗೆ ಅಧಿಕಾರ ಎಂದಾಗ ಹಳ್ಳಿಯಲ್ಲಿ ಯಾರಿಗೆ ಎಂದು ಕೇಳದೆ ಬಿಟ್ಟರೆ, ಅದು ಕಟ್ಟೆಯ ಮೇಲಿರುವವರಿಗೇ ಹೋಗುತ್ತದೆ. ಔಂಧ್‌ನ ಕರಡಿಗೆ ಗಾಂಧೀಜಿ ಕೂತು ತಿದ್ದಿದರು, ಸರಿ. ಈ ನಾಲ್ಕನೆಯ ಸಾಲನ್ನು ಬರೆಯಲು ಆಕೆಯೇ ಬೇಕಿತ್ತು.

ಮೂರು ತಿಂಗಳ ನಂತರ ಅವರು ಫೋನ್ ಮಾಡಿ ವಾರ್ಡ್ ಸಭೆಗೆ ಕರೆದರು. ಬಸ್ಸಿಳಿದು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಶಾಲೆಯ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ ಹೆಂಗಸರು ಬೆಂಚುಗಳ ಮೇಲೆ ಕೂತಿದ್ದರು. ಗಂಡಸರು ಕೆಲವರು ಬಾಗಿಲಲ್ಲೇ ನಿಂತಿದ್ದರು, ಆಮೇಲೆ ಒಳಗೆ ಬಂದರು. ಹೋದ ವರ್ಷದ ಲೆಕ್ಕ ಓದಿದ್ದಾಯಿತು. ಒಂದು ಪೈಪ್‌ಲೈನಿನ ಖರ್ಚಿನ ಮೇಲೆ ಅರ್ಧ ಗಂಟೆ ವಾದ ಆಯಿತು. ಬಿಲ್ ಮುಂದಿನ ಸಭೆಗೆ ತರಬೇಕು ಎಂದು ತೀರ್ಮಾನವಾಯಿತು.

ಕೊನೆಗೆ ಠರಾವು ಬರೆಯುವಾಗ ಕಾರ್ಯದರ್ಶಿ "ಮುಂದಿನ ಸಭೆಯನ್ನೂ ಇಲ್ಲಿಯೇ ಸೇರಿಸಬಹುದು" ಎಂದು ಬರೆದು ಓದಿದರು.

"ಬಹುದು ಬ್ಯಾಡ್ರಿ ಸರ" ಎಂದರು ಆಕೆ. "ತಕ್ಕದ್ದು ಅಂತ ಬರೀರಿ."

ಅವರು ಹೊಡೆದು ಹಾಕಿ, ಮೇಲೆ 'ತಕ್ಕದ್ದು' ಎಂದು ಬರೆದರು. ಆಮೇಲೆ ಪುಸ್ತಕ ಸಹಿಗೆ ಬೆಂಚಿನಿಂದ ಬೆಂಚಿಗೆ ಹೋಯಿತು.